ಅಳತೆ ಪುಸ್ತಕದ ಏಳು ದಿನ

ಪ್ರೀತಿಯ ಚುಕ್ಕಿ,

ಈ ಪತ್ರದ ಜೊತೆ ಹಸಿರು ರಟ್ಟಿನ ಒಂದು ಸಣ್ಣ ಪುಸ್ತಕ ಕಳಿಸಿದ್ದೇನೆ. ಅದನ್ನು ಆಮೇಲೆ ತೆರೆ. ಮೊದಲು ಇದನ್ನು ಓದು, ಕೊನೆಯವರೆಗೂ ಓದು. ನಡುವೆ ಸಿಟ್ಟು ಬಂದರೆ ಎದ್ದು ಒಂದು ಲೋಟ ನೀರು ಕುಡಿದು ಬಂದು ಮುಂದುವರಿಸು. ಸಿಟ್ಟು ಬರುವಂಥದ್ದು ಇದರಲ್ಲಿದೆ.

ಹಿಂದಿನ ಭಾನುವಾರ ನಿನ್ನ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತ, ನನ್ನ ಕಡೆ ತಿರುಗದೆಯೇ ನೀನೊಂದು ಮಾತು ಹೇಳಿದೆ. “ಮಾಮ, ಅಪ್ಪ ಅವತ್ತು ಮಗೂನ ಸ್ಕೂಲಿನಿಂದ ಕರ್ಕೊಂಡು ಬರದೇ ಇದ್ದಿದ್ದು ಕಾಯಿಲೆಯಿಂದ ಅಲ್ಲ. ಆಗಿನ್ನೂ ಕಾಯಿಲೆ ಎಲ್ಲಿತ್ತು? ಕಾಡಿನಲ್ಲಿ ಏಳು ದಿನ ಚೆನ್ನಾಗೇ ಇದ್ರು ಅಂತ ನೀವೇ ಹೇಳಿದ್ರಲ್ಲ. ಅವರಿಗೆ ನಾವಂದ್ರೆ ಅಷ್ಟಕ್ಕಷ್ಟೇ, ಬಿಡಿ.” ಪಕ್ಕದ ಕೋಣೆಯಲ್ಲಿ ನಿಮ್ಮಪ್ಪ ಕಿಟಕಿಯ ಬಳಿ ಕೂತು ತನ್ನ ಅಂಗಿಯ ಗುಂಡಿಗಳನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಎಣಿಸುತ್ತಿದ್ದ. ನಾನು ಚಹಾ ಅರ್ಧಕ್ಕೇ ಬಿಟ್ಟು ಎದ್ದು ಬಂದೆ. ಬಸ್ಸು ತಪ್ಪುತ್ತದೆ ಎಂದೆ. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು.

ನಿನ್ನ ಆ ಮಾತಿಗೆ ಆಧಾರ ನಾನೇ. ಎರಡು ತಿಂಗಳ ಹಿಂದೆ ಆಸ್ಪತ್ರೆಯ ಕಾರಿಡಾರಿನಲ್ಲಿ, ಡಾಕ್ಟರು ಇದು ಮರೆವಿನ ಕಾಯಿಲೆ ಎಂದು ಹೇಳಿ ಒಳಗೆ ಹೋದ ಮೇಲೆ, ನೀನು ನನ್ನ ತೋಳು ಹಿಡಿದು ಕೇಳಿದ್ದೆ: “ಕಳೆದ ವರ್ಷ ಅಷ್ಟು ದಿನ ಜೊತೆಗಿದ್ರಲ್ಲ ಮಾಮ, ಆಗೇನಾದ್ರೂ ಕಾಣಿಸಿತ್ತಾ?” ನಾನು ಇಲ್ಲ ಎಂದೆ, ಚೆನ್ನಾಗೇ ಇದ್ದ ಎಂದೆ. ಅದು ಸುಳ್ಳು. ಮೂವತ್ತೆಂಟು ವರ್ಷ ದಿನಪತ್ರಿಕೆಯ ಡೆಸ್ಕಿನಲ್ಲಿ ಕೂತು ಬೇರೆಯವರ ಸುದ್ದಿಯಲ್ಲಿ ತಪ್ಪು ಹುಡುಕಿದವನು ಹೇಳಿದ ಸುಳ್ಳು. ಈಗ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ. ನನಗೆ ಬೇರೆ ರೀತಿ ಬರೆಯಲು ಬರುವುದಿಲ್ಲ.

ಆ ಪ್ರವಾಸ ನಿಮ್ಮಪ್ಪನ ಹಟ. ಸರ್ವೆ ಇಲಾಖೆ ಸೇರಿದ ಮೊದಲ ವರ್ಷ ಅವನನ್ನು ಉತ್ತರದ ಕಾಡಿಗೆ ಹಾಕಿದ್ದರು. ಅಲ್ಲಿನ ದೊಡ್ಡ ಸರೋವರದ ಸುತ್ತ ಅಳತೆ ಮಾಡಿ ಹನ್ನೊಂದು ಸರ್ವೆ ಕಲ್ಲುಗಳನ್ನು ಅವನೇ ನಿಲ್ಲಿಸಿದ್ದ. “ಕತ್ತರಿ, ಅವು ನಿಂತಿವೆಯೋ ಬಿದ್ದಿವೆಯೋ ಒಂದು ಸಲ ನೋಡಿ ಬರೋಣ. ನೀನು ಬರ್ದಿದ್ದೆಲ್ಲ ಮಾರನೇ ದಿನ ಪೊಟ್ಟಣ ಕಟ್ಟೋಕೆ ಹೋಯ್ತು. ನಂದು ಕಲ್ಲು, ಇನ್ನೂ ಇರುತ್ತೆ,” ಎಂದ. ಕತ್ತರಿ ಎಂಬುದು ಅವನು ನನಗಿಟ್ಟ ಹೆಸರು. ಸುದ್ದಿ ಕತ್ತರಿಸುವವನು ಎಂದು. ನಾನು ಅವನನ್ನು ಸರಪಳಿ ಎನ್ನುತ್ತಿದ್ದೆ. ಹಳೆಯ ಕಾಲದ ಸರ್ವೆಯವರು ನೆಲ ಅಳೆಯುತ್ತಿದ್ದುದು ಸರಪಳಿಯಲ್ಲಿ.

ಮೊದಲ ದಿನ ಕೊನೆಯ ರೈಲು ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ಬಸ್ಸಿನಲ್ಲಿ ಮೂರು ಗಂಟೆ ಹೋಗಿ ಅರಣ್ಯ ಇಲಾಖೆಯ ಠಾಣೆ ತಲುಪಿದೆವು. ಮರದ ಹಲಗೆಯ ಒಂದೇ ಕೋಣೆ, ಗೋಡೆಗೆ ನಕ್ಷೆ, ಮೇಜಿನ ಮೇಲೆ ದಪ್ಪ ರಿಜಿಸ್ಟರು. ಕಾಡಿಗೆ ಹೋಗುವವರು ಅದರಲ್ಲಿ ಹೆಸರು, ದಾರಿ, ಹಿಂತಿರುಗುವ ದಿನ ಬರೆಯಬೇಕು. ಠಾಣೆಯ ಅಧಿಕಾರಿ ನಡುವಯಸ್ಸಿನ ಹೆಂಗಸು. ನಮ್ಮಿಬ್ಬರ ವಯಸ್ಸನ್ನು ಕೂಡಿಸಿ “ನೂರ ಮೂವತ್ತು” ಎಂದಳು, ತನಗೆ ತಾನೇ ಹೇಳಿಕೊಂಡಂತೆ. ಆಮೇಲೆ ತಲೆ ಎತ್ತಿ, “ಒಬ್ಬರ ಮೇಲೊಬ್ಬರು ಒಂದು ಕಣ್ಣಿಟ್ಟಿರಿ,” ಎಂದಳು. ನಿಮ್ಮಪ್ಪ, “ನಲವತ್ತು ವರ್ಷದಿಂದ ಅದನ್ನೇ ಮಾಡ್ತಿದ್ದೀವಿ ತಾಯಿ. ಇವನ ಮೇಲೆ ಕಣ್ಣಿಟ್ಟು ಇಟ್ಟೇ ನನಗೆ ಕನ್ನಡಕ ಬಂದಿದ್ದು,” ಎಂದ. ಅವಳು ನಕ್ಕಳು. ಆ ದಿನದವರೆಗೆ ಎಲ್ಲ ಸರಿಯಾಗಿಯೇ ಇತ್ತು.

ಎರಡನೆಯ ದಿನ ನಡೆಯಲು ಶುರುಮಾಡಿದೆವು. ಆ ಕಾಡನ್ನು ನಿನಗೆ ಹೇಗೆ ಹೇಳಲಿ? ನೆಟ್ಟಗಿನ ಪೈನ್ ಮರಗಳು, ಅವುಗಳ ಬುಡದಲ್ಲಿ ಪಾದ ಮುಳುಗುವಷ್ಟು ಪಾಚಿ, ಬೇಸಿಗೆಯಲ್ಲೂ ನೆರಳಿನಲ್ಲಿ ಕರಗದೆ ಉಳಿದ ಹಿಮದ ತೇಪೆಗಳು. ಸದ್ದೇ ಇಲ್ಲ. ನಾವು ನಿಂತರೆ ನಮ್ಮ ಉಸಿರು ಕೇಳುತ್ತಿತ್ತು. ದಿಬ್ಬ ಹತ್ತಿ ಇಳಿಯುವಾಗ ಸರೋವರ ಒಮ್ಮೆಗೇ ಕಾಣುತ್ತದೆ. ಆಚೆ ದಡ ಕಾಣದಷ್ಟು ಅಗಲ, ತೊಳೆದಿಟ್ಟ ಸ್ಲೇಟಿನ ಬಣ್ಣ. ನಿಮ್ಮಪ್ಪ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಅವನು ಅಳೆಯುತ್ತಿದ್ದ ರೀತಿ ನಿನಗೆ ಗೊತ್ತು, ಚಿಕ್ಕವಳಿದ್ದಾಗ ನಿನಗೂ ಕಲಿಸಿದ್ದನಂತೆ. ಎಡಜೇಬಿನಲ್ಲಿ ಹತ್ತು ಹರಳುಕಲ್ಲು. ನೂರು ಹೆಜ್ಜೆಗೆ ಒಂದು ಹರಳು ಬಲಜೇಬಿಗೆ. ಹತ್ತೂ ದಾಟಿದರೆ ಸಾವಿರ, ಮತ್ತೆ ಬಲದಿಂದ ಎಡಕ್ಕೆ. ಅವನು ಮುಂದೆ ನಡೆದು ಎಣಿಸುವುದು, ಕಲ್ಲು ಸಿಕ್ಕಾಗ ಲೆಕ್ಕ ಹೇಳುವುದು. ನಾನು ಹಿಂದೆ ಬಂದು ಹಸಿರು ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳುವುದು. ಮೊದಲ ಮೂರು ಕಲ್ಲುಗಳು ಸರಿಯಾಗಿ ಸಿಕ್ಕವು. ಮೊಣಕಾಲೆತ್ತರದ ಚೌಕ ಕಲ್ಲು, ನೆತ್ತಿಯ ಮೇಲೆ ಕೊರೆದ ಅಂಕಿ. ಅವನು ಒಂದೊಂದರ ನೆತ್ತಿಯನ್ನೂ ತಟ್ಟಿ, “ಏನಯ್ಯಾ, ಹೇಗಿದ್ದೀಯ?” ಎಂದು ಮಾತಾಡಿಸಿದ.

ಮೂರನೆಯ ದಿನ ನಾಲ್ಕನೆಯ ಕಲ್ಲಿನ ಬಳಿ ಅವನು “ಎರಡು ಸಾವಿರದ ಮುನ್ನೂರು” ಎಂದ. ನಾನು ಬರೆದುಕೊಂಡೆ. ನನ್ನ ಕೈಗಡಿಯಾರವೂ ಹೆಜ್ಜೆ ಎಣಿಸುತ್ತದೆ, ನಿನಗೆ ಗೊತ್ತಲ್ಲ. ಅದರಲ್ಲಿ ಮೂರು ಸಾವಿರದ ನೂರು ಇತ್ತು. ಗಡಿಯಾರ ಕೆಟ್ಟಿರಬಹುದು ಎಂದುಕೊಂಡೆ. ಆದರೆ ಮಧ್ಯಾಹ್ನ ಅವನ ಹಿಂದೆ ನಡೆಯುವಾಗ ಕೈಗಳನ್ನೇ ನೋಡಿದೆ. ಅವನು ಬಲಜೇಬಿಗೆ ಹಾಕಿದ ಹರಳನ್ನೇ ತುಸು ಹೊತ್ತಿನ ಮೇಲೆ ತೆಗೆದು ಎಡಜೇಬಿಗೆ ಹಾಕಿದ. ಮತ್ತೆ ತೆಗೆದ. ಮತ್ತೆ ಹಾಕಿದ. ತುಟಿಗಳು ಮಾತ್ರ ಎಣಿಸುತ್ತಲೇ ಇದ್ದವು.

ಸಂಜೆ ತಂಗುಮನೆ ಸೇರಿದೆವು. ಆ ಕಾಡಿನಲ್ಲಿ ದಿನದ ನಡಿಗೆಗೊಂದರಂತೆ ಮರದ ತಂಗುಮನೆಗಳಿವೆ, ಎರಡು ಹಲಗೆ ಮಂಚ, ಒಂದು ಕಬ್ಬಿಣದ ಒಲೆ. ಅವನು ಹೊರಗೆ ಸೌದೆ ಒಡೆಯುತ್ತಿದ್ದಾಗ ನಾನು ಪುಸ್ತಕ ತೆಗೆದು, ಎರಡು ಸಾವಿರದ ಮುನ್ನೂರನ್ನು ರಬ್ಬರಿನಿಂದ ಅಳಿಸಿ ಮೂರು ಸಾವಿರದ ನೂರು ಎಂದು ಬರೆದೆ. ಮುಂದಿನ ಕಲ್ಲುಗಳ ಲೆಕ್ಕವನ್ನೂ ಹಾಗೆಯೇ ತಿದ್ದುತ್ತ ಹೋದೆ. ಯೋಚಿಸಿ ಮಾಡಿದ್ದಲ್ಲ. ಕೈಗೆ ಅಭ್ಯಾಸ. ಡೆಸ್ಕಿನಲ್ಲಿ ನಮಗೆ ಮೊದಲ ದಿನವೇ ಕಲಿಸಿದ್ದು ಅದು: ತಿದ್ದಿದ್ದು ಓದುಗನಿಗೆ ಕಾಣಬಾರದು, ಬರೆದವನಿಗೂ ನೋವಾಗಬಾರದು. ಹಾಗೆ ತಿದ್ದುವವನೇ ಒಳ್ಳೆಯ ಉಪಸಂಪಾದಕ. ನಾನು ಒಳ್ಳೆಯವನೆಂದು ಹೆಸರು ಪಡೆದಿದ್ದೆ.

ನಾಲ್ಕನೆಯ ದಿನ ಮಳೆ. ಮಧ್ಯಾಹ್ನದವರೆಗೆ ತಂಗುಮನೆಯಲ್ಲೇ ಕೂತೆವು. ಅವನು ಚೀಲ ಕಟ್ಟಿದ, ಬಿಚ್ಚಿದ, ಮತ್ತೆ ಕಟ್ಟಿದ. ಮೂರನೆಯ ಸಲ ಕಟ್ಟುವಾಗ, “ಮನೆಗೆ ಒಂದು ಫೋನ್ ಮಾಡ್ಬೇಕಿತ್ತು ಕಣೋ. ಅವಳು ಊಟ ಮಾಡದೆ ಕಾಯ್ತಾ ಕೂತಿರ್ತಾಳೆ,” ಎಂದ. ನಿನ್ನ ಅಮ್ಮ ತೀರಿಕೊಂಡು ಆಗಲೇ ಆರು ವರ್ಷ. ನಿನಗೆ ನಿನ್ನದೇ ಮನೆ, ಗಂಡ, ಮಗು. ಊಟ ಮಾಡದೆ ಕಾಯುವವರು ಯಾರೂ ಇರಲಿಲ್ಲ. ನಾನು ‘ಅವಳು’ ಎಂದರೆ ನೀನೇ ಇರಬೇಕು ಎಂದು ಮನಸ್ಸಿನಲ್ಲೇ ತಿದ್ದಿಕೊಂಡು, “ಇಲ್ಲಿ ಫೋನು ಸಿಗಲ್ಲ, ಹೋದ ಮೇಲೆ ಮಾಡೋಣ,” ಎಂದೆ. ಅವನು ಸಮಾಧಾನವಾಗಿ ಬೂಟಿನ ದಾರ ಕಟ್ಟಿಕೊಂಡ.

ಐದನೆಯ ದಿನ ದಾರಿ ತಪ್ಪಿದೆವು. ತಪ್ಪಿದ್ದು ಅವನು, ಹಿಂದೆ ಹೋದದ್ದು ನಾನು. ಸರೋವರದ ಒಂದು ಕವಲು ಒಳನುಗ್ಗಿರುವಲ್ಲಿ ಎಡಕ್ಕೆ ತಿರುಗಬೇಕಿತ್ತು. ಅವನು ಬಲಕ್ಕೆ ತಿರುಗಿದ. ಎಷ್ಟು ಖಚಿತವಾಗಿ ಎಂದರೆ, ನಕ್ಷೆಯೇ ತಪ್ಪಿರಬೇಕು ಎಂದು ನನಗನ್ನಿಸಿತು. ಎರಡು ಗಂಟೆ ಜೌಗಿನಲ್ಲಿ ನಡೆದೆವು. ಮಂಜು ಇಳಿಯುತ್ತಿತ್ತು. ಕಲ್ಲು ಇರಬೇಕಾದ ಜಾಗದಲ್ಲಿ ಕಲ್ಲಿರಲಿಲ್ಲ. “ಯಾರೋ ಕಿತ್ತು ಹಾಕಿದ್ದಾರೆ,” ಎಂದು ನೆಲವನ್ನು ಬೂಟಿನಿಂದ ಕೆದಕಿದ. ಮುಖ ಕೆಂಪಾಗಿತ್ತು. “ಕಳ್ಳರು. ಸರ್ಕಾರಿ ಕಲ್ಲನ್ನೂ ಬಿಡಲ್ಲ.” ನಾವು ತಪ್ಪು ದಡದಲ್ಲಿದ್ದೇವೆ ಎಂದು ನನಗೆ ಆಗಲೇ ಗೊತ್ತಾಗಿತ್ತು. ಹೇಳಲಿಲ್ಲ. “ಇಲ್ಲಿ ಗಾಳಿ ಜಾಸ್ತಿ, ಆ ಕಡೆ ಹೋಗಿ ಏನಾದ್ರೂ ತಿನ್ನೋಣ,” ಎಂದು ಮೆಲ್ಲಗೆ ತಿರುಗಿಸಿಕೊಂಡು ಬಂದೆ. ಸಂಜೆಯ ಹೊತ್ತಿಗೆ ಎಂಟನೆಯ ಕಲ್ಲು ಸಿಕ್ಕಿತು, ಇರಬೇಕಾದಲ್ಲೇ ಇತ್ತು. ಅವನು ಅದರ ಮುಂದೆ ಒದ್ದೆ ಪಾಚಿಯ ಮೇಲೆ ಕೂತುಬಿಟ್ಟ. ಅಂಗೈಯಿಂದ ಅಂಕಿಯನ್ನು ಮುಚ್ಚಿದ. ಅದನ್ನು ಮಾತಾಡಿಸಲಿಲ್ಲ.

ಆರನೆಯ ದಿನ ಬೆಳಗ್ಗೆ ಬಿಸಿಲು ಬಂತು. ಒಂಬತ್ತನೆಯ ಕಲ್ಲಿನ ಬಳಿ ಚೀಲ ಇಳಿಸಿ ಕೂತಾಗ ಅವನು ಕೈ ಚಾಚಿ, “ಪುಸ್ತಕ ಕೊಡು,” ಎಂದ. ಕೊಡದಿರಲು ನೆಪ ಸಿಗಲಿಲ್ಲ. ಕನ್ನಡಕ ಹಣೆಗೇರಿಸಿ ಪುಟವನ್ನು ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿದ. ಪೆನ್ಸಿಲಿನ ಗುರುತನ್ನು ರಬ್ಬರು ಅಳಿಸುತ್ತದೆ, ಒತ್ತಿನ ಗುರುತನ್ನು ಅಳಿಸುವುದಿಲ್ಲ. ನಾಲ್ಕು ಪುಟ ಹಾಗೆಯೇ ನೋಡಿ ಪುಸ್ತಕ ಮುಚ್ಚಿದ.

“ಅಳತೆ ಪುಸ್ತಕದಲ್ಲಿ ಅಳಿಸೋ ಹಾಗಿಲ್ಲ, ಗೊತ್ತಾ ನಿನಗೆ?” ಎಂದ. “ತಪ್ಪಾದ್ರೆ ಒಂದೇ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿ ಬರೀಬೇಕು. ತಪ್ಪು ಓದೋಕೆ ಬರೋ ಹಾಗಿರಬೇಕು. ಎಲ್ಲಿ ತಪ್ಪಾಯ್ತು ಅಂತ ಆಮೇಲೆ ಬರೋರಿಗೆ ಗೊತ್ತಾಗ್ಬೇಕಲ್ಲ. ರಬ್ಬರು ಇಟ್ಕೊಂಡಿದ್ದಕ್ಕೇ ನಮ್ಮಲ್ಲಿ ಒಬ್ಬನ ಕೆಲಸ ಹೋಗಿತ್ತು.” ಆಮೇಲೆ ಪುಸ್ತಕವನ್ನು ನನ್ನ ಕೈಗೆ ಕೊಟ್ಟು, “ಯಾವಾಗಿಂದ?” ಎಂದ. ನಾನು ಮೂರನೇ ದಿನದಿಂದ ಎಂದೆ. ಅವನು ತಲೆಯಾಡಿಸಿದ. “ನನಗೆ ಹೋದ ವರ್ಷದಿಂದ,” ಎಂದ.

ಗೊತ್ತಿತ್ತು, ಚುಕ್ಕಿ. ಅವನಿಗೆ ಗೊತ್ತಿತ್ತು. ಕಲ್ಲು ನೋಡಲು ಬಂದದ್ದು ಅದಕ್ಕೇ. ಜಾಗಗಳು ತಲೆಯಿಂದ ಹೋಗುವ ಮೊದಲು ಒಂದು ಸಲ ನೋಡಿಬಿಡೋಣ ಎಂದು.

“ಚುಕ್ಕಿಗೆ ನಾನೇ ಹೇಳ್ತೀನಿ. ನೀನು ಬಾಯಿ ಬಿಡಬಾರದು. ನಿನ್ನ ಬಾಯಿಂದ ಕೇಳಿದ್ರೆ ಸುದ್ದಿ ಓದಿದ ಹಾಗಿರುತ್ತೆ,” ಎಂದ. ನಾನು ಸರಿ ಎಂದೆ. ಅಷ್ಟಕ್ಕೆ ಬಿಡಲಿಲ್ಲ. ಗಡಿಕಲ್ಲು ನಿಲ್ಲಿಸುವಾಗ ಎರಡೂ ಕಡೆಯ ಜಮೀನಿನವರು ಕಲ್ಲಿನ ನೆತ್ತಿಯ ಮೇಲೆ ಕೈಯಿಟ್ಟು ಒಪ್ಪಿಕೊಳ್ಳುವುದು ಅವನ ತಂಡದಲ್ಲಿ ನಡೆಸಿಕೊಂಡು ಬಂದ ಪದ್ಧತಿಯಂತೆ. ಆಮೇಲೆ ಯಾರೂ ಮಾತು ತಿರುಗಿಸುವಂತಿಲ್ಲ. “ಕೈ ಇಡು,” ಎಂದ. ಇಟ್ಟೆ. ಅವನೂ ಪಕ್ಕದಲ್ಲಿ ಇಟ್ಟ. ಬಿಸಿಲಿದ್ದರೂ ಕಲ್ಲು ತಣ್ಣಗಿತ್ತು.

ಉಳಿದೆರಡು ಕಲ್ಲುಗಳಿಗೆ ಹೋಗಲಿಲ್ಲ. ಏಳನೆಯ ದಿನ ಠಾಣೆಗೆ ಬಂದಾಗ ಆ ಅಧಿಕಾರಿ, “ನಿಮ್ಮ ಕಲ್ಲುಗಳೆಲ್ಲ ಸಿಕ್ಕವಾ?” ಎಂದು ಕೇಳಿದಳು. “ಹನ್ನೊಂದೂ ಸಿಕ್ಕವು,” ಎಂದ ನಿಮ್ಮಪ್ಪ, ಬಹಳ ಸಂತೋಷದಿಂದ. ಅವಳು ರಿಜಿಸ್ಟರಿನಲ್ಲಿ ಹಾಗೆಯೇ ಬರೆದುಕೊಂಡಳು. ನಾನು ಪಕ್ಕದಲ್ಲೇ ನಿಂತಿದ್ದೆ.

ಊರಿಗೆ ಬಂದ ಎರಡನೆಯ ವಾರ ಅವನ ಮನೆಗೆ ಹೋಗಿ, “ಚುಕ್ಕಿಗೆ ಹೇಳಿದೆಯಾ?” ಎಂದು ಕೇಳಿದೆ. “ಹೇಳಿದೆ ಕಣೋ. ಮೊದಲು ಅತ್ತಳು. ಆಮೇಲೆ, ನಾನಿದ್ದೀನಲ್ಲ ಅಪ್ಪ ಅಂದಳು,” ಎಂದ. ನಾನು ನಂಬಿದೆ. ಅವನು ಸುಳ್ಳು ಹೇಳಲಿಲ್ಲ, ಅದು ನನಗೆ ಈಗ ಗೊತ್ತು. ಹೇಳಬೇಕು ಹೇಳಬೇಕು ಎಂದು ಎಷ್ಟು ಸಲ ಮನಸ್ಸಿನಲ್ಲಿ ಹೇಳಿಕೊಂಡಿದ್ದನೋ, ಅದು ಹೇಳಿದ ನೆನಪೇ ಆಗಿಬಿಟ್ಟಿತ್ತು. ಒಬ್ಬನೇ ಹೇಳಿದ ಸುದ್ದಿಯನ್ನು ಇನ್ನೊಬ್ಬರನ್ನು ಕೇಳದೆ ನಾನು ಜೀವನದಲ್ಲಿ ಅಚ್ಚಿಗೆ ಕಳಿಸಿದವನಲ್ಲ. ಇದೊಂದನ್ನು ಕಳಿಸಿದೆ.

ಮುಂದಿನದು ನಿನಗೆ ಗೊತ್ತಿರುವುದೇ. ಕಾಡಿನಿಂದ ಬಂದ ನಾಲ್ಕನೆಯ ತಿಂಗಳು ನಿನ್ನ ಮಗಳನ್ನು ಶಾಲೆಯಿಂದ ಕರೆತರಬೇಕಾದವನು ಹೋಗಲಿಲ್ಲ. ಆರು ವರ್ಷದ ಮಗು ಎರಡು ಗಂಟೆ ಮಳೆಯಲ್ಲಿ ಶಾಲೆಯ ಮೆಟ್ಟಿಲ ಮೇಲೆ ಕೂತಿತ್ತು. ಮೂರು ದಿನ ಜ್ವರ. ನೀನು ಅವನ ಮನೆ ಬಾಗಿಲಲ್ಲಿ ನಿಂತು ಆಡಬಾರದ್ದನ್ನು ಆಡಿದೆ. ಅವನನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾಗುವವರೆಗೆ, ಎಂಟು ತಿಂಗಳು, ನೀನು ಆ ಮನೆಯ ಮೆಟ್ಟಿಲು ಹತ್ತಲಿಲ್ಲ.

ಆ ಎಂಟು ತಿಂಗಳು ಅವನು ಏನೆಂದುಕೊಂಡಿದ್ದ ಗೊತ್ತೇ? ನಿನಗೆ ಎಲ್ಲ ಗೊತ್ತಿದೆ, ಗೊತ್ತಿದ್ದೂ ಬರುತ್ತಿಲ್ಲ ಎಂದು. “ಅವಳಿಗೆ ಗೊತ್ತು, ಬಿಡು. ಭಾರ ಅನ್ನಿಸಿರುತ್ತೆ,” ಎನ್ನುತ್ತಿದ್ದ. ನಾನೂ ಹಾಗೆಯೇ ಅಂದುಕೊಂಡೆ. ಒಂದು ದಿನ ಮಾರುಕಟ್ಟೆಯಲ್ಲಿ ನೀನು ದೂರದಿಂದ ಕೈ ಬೀಸಿದೆ, ನಾನು ನೋಡದವನಂತೆ ಔಷಧಿ ಅಂಗಡಿಯೊಳಗೆ ಹೋದೆ. ಎಂಥ ಕಲ್ಲು ಮನಸ್ಸಿನ ಹುಡುಗಿ ಎಂದು ಬೈದುಕೊಂಡೇ ಹೋದೆ. ಆಸ್ಪತ್ರೆಯಲ್ಲಿ ನೀನು “ಆಗೇನಾದ್ರೂ ಕಾಣಿಸಿತ್ತಾ?” ಎಂದಾಗಲೇ ನನಗೆ ತಿಳಿದದ್ದು, ನಿನಗೆ ಯಾರೂ ಏನೂ ಹೇಳಿರಲಿಲ್ಲ ಎಂದು. ಆ ಕ್ಷಣ ನಿಜ ಹೇಳಿದ್ದರೆ ಎಂಟು ತಿಂಗಳ ಲೆಕ್ಕ ನಿನ್ನ ಮುಂದೆ ಬೀಳುತ್ತಿತ್ತು. ಅವನಿಗೆ ಇನ್ನೂ ಮಾತು ಇದ್ದ, ನಿನ್ನ ಹೆಸರು ಬರುತ್ತಿದ್ದ ಎಂಟು ತಿಂಗಳು. ನನಗೆ ಧೈರ್ಯ ಬರಲಿಲ್ಲ. ಮತ್ತೆ ರಬ್ಬರು ತೆಗೆದುಕೊಂಡೆ.

ಇನ್ನೊಂದು ಸಂಗತಿ ಉಳಿದಿದೆ. ಈ ಪತ್ರ ಬರೆಯುತ್ತಿರುವುದೇ ಅದಕ್ಕಾಗಿ.

ಶಾಲೆಯ ಆ ಘಟನೆ ನಡೆದ ವಾರ ಅವನು ನನ್ನ ಬಳಿ, “ಚುಕ್ಕಿನ ಕರ್ಕೊಂಡು ಬರೋಕೆ ಹೋಗಿದ್ದೆ ಕಣೋ. ಗೇಟಿಗೆ ಬೀಗ ಹಾಕಿದ್ರು. ಎದುರಿಗಿದ್ದ ಪುಸ್ತಕದ ಅಂಗಡಿ ತೆಗೆದು ಟೈರ್ ಅಂಗಡಿ ಮಾಡಿದ್ದಾರೆ,” ಎಂದಿದ್ದ. ಮೊಮ್ಮಗಳ ಹೆಸರಿನ ಬದಲು ನಿನ್ನ ಹೆಸರು ಬಂತು, ಹೋಗಿಯೇ ಇಲ್ಲದವನು ಹೋಗಿದ್ದೆ ಎನ್ನುತ್ತಿದ್ದಾನೆ ಎಂದು ನಾನು ಅದನ್ನೂ ತಿದ್ದಿ ಬದಿಗಿಟ್ಟೆ. ಭಾನುವಾರ ನಿನ್ನ ಮಾತು ಕೇಳಿ ಬಸ್ಸಿನಲ್ಲಿ ಕೂತಾಗ ಆ ಟೈರ್ ಅಂಗಡಿ ನೆನಪಾಯಿತು. ನಿನ್ನ ಮಗಳ ಶಾಲೆಯ ಎದುರು ಟೈರ್ ಅಂಗಡಿ ಇಲ್ಲ.

ಸೋಮವಾರ ಬೆಳಗ್ಗೆ ನೀನು ಓದಿದ ಶಾಲೆಗೆ ಹೋದೆ. ಅದು ಮುಚ್ಚಿ ಎಷ್ಟೋ ವರ್ಷವಾಗಿದೆ, ಈಗ ಯಾರದೋ ಗೋದಾಮು. ಗೇಟಿಗೆ ತುಕ್ಕು ಹಿಡಿದ ಬೀಗ. ಎದುರಿಗೆ ಟೈರ್ ಅಂಗಡಿ. ಅಂಗಡಿಯವನಿಗೆ ನಿಮ್ಮಪ್ಪನ ಫೋಟೋ ತೋರಿಸಿದೆ. ಕೈ ಒರೆಸಿಕೊಂಡು ಹತ್ತಿರ ಹಿಡಿದು ನೋಡಿದ. “ಇವರೇ. ಅವತ್ತು ಜೋರು ಮಳೆ. ಸಾಯಂಕಾಲ ಎರಡು ಗಂಟೆ ಹೊತ್ತು ಆ ಗೇಟಿನ ಹತ್ರ ನಿಂತೇ ಇದ್ರು. ಒಳಗೆ ಬನ್ನಿ ಯಜಮಾನ್ರೇ, ಪೂರ್ತಿ ನೆಂದಿದ್ದೀರ ಅಂದೆ. ‘ಬೇಡಪ್ಪ, ನಾನು ಇಲ್ಲಿ ಕಾಣಿಸದೇ ಇದ್ರೆ ನನ್ನ ಮಗಳು ಹೆದರ್ಕೋತಾಳೆ’ ಅಂದ್ರು. ಕತ್ತಲಾಗೋಕೆ ಮುಂಚೆ ನಾನೇ ಕೈ ಹಿಡಿದು ಬಸ್ಸು ಹತ್ತಿಸಿದೆ,” ಎಂದ. ಮಳೆ ಬಂದ ದಿನ ಯಾವುದೆಂದು ಕೇಳಿದೆ. ಅವನ ಅಂಗಡಿಯ ಪಕ್ಕದ ಚರಂಡಿ ಉಕ್ಕಿ ಹರಿದ ದಿನವಂತೆ. ನಮ್ಮ ಪತ್ರಿಕೆಯ ಹಳೆಯ ಸಂಚಿಕೆ ತೆಗೆಸಿ ನೋಡಿದೆ. ತಾರೀಖು ಅದೇ.

ಅವನು ಮರೆಯಲಿಲ್ಲ, ಚುಕ್ಕಿ. ಹೊತ್ತಿಗೆ ಸರಿಯಾಗಿ ಹೋಗಿದ್ದ. ಮೂವತ್ತು ವರ್ಷ ಹಿಂದಿನ ಗೇಟಿಗೆ ಹೋಗಿದ್ದ. ಆ ಎರಡು ಗಂಟೆ, ಒಂದು ಶಾಲೆಯ ಮೆಟ್ಟಿಲಲ್ಲಿ ನಿನ್ನ ಮಗಳು ಅವನಿಗಾಗಿ ಕಾಯುತ್ತಿದ್ದಳು, ಇನ್ನೊಂದರ ಗೇಟಿನಲ್ಲಿ ಅವನು ನಿನಗಾಗಿ ಕಾಯುತ್ತಿದ್ದ.

ಪುಸ್ತಕ ಈಗ ತೆರೆ. ಅಳಿಸಿದ ಅಂಕಿಗಳನ್ನು ಒತ್ತಿನ ಗುರುತು ನೋಡಿಕೊಂಡು ಇಂಕಿನಲ್ಲಿ ಮತ್ತೆ ಬರೆದಿದ್ದೇನೆ, ಅವುಗಳ ಮೇಲೆ ಒಂದೊಂದೇ ಗೆರೆ ಎಳೆದಿದ್ದೇನೆ. ಓದಲು ಬರುತ್ತವೆ. ಕೊನೆಯ ಪುಟದಲ್ಲಿ ‘ಚೆನ್ನಾಗೇ ಇದ್ದ’ ಎಂದು ಬರೆದು ಅದರ ಮೇಲೂ ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಹಾಕಿ ಸಹಿ ಮಾಡಿದ್ದೇನೆ. ನಿಮ್ಮಪ್ಪನ ಪದ್ಧತಿ ಅದು. ಕಲ್ಲಿನ ಮೇಲೆ ಕೈಯಿಟ್ಟ ಮಾತು ಮುರಿದಿದ್ದೇನೆ. ಅವನಿಗೆ ನೆನಪಿದ್ದಿದ್ದರೆ ಬೈಯುತ್ತಿದ್ದ. ಬೈದರೆ ಸಾಕಿತ್ತು.

ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ. ಭಾನುವಾರ ಬರಬೇಡ ಎಂದರೆ ಬರುವುದಿಲ್ಲ. ಒಂದೇ ಒಂದು ಕೆಲಸ ಹೇಳುತ್ತೇನೆ. ಸಂಜೆಯಾದರೆ ಅವನು ಚಪ್ಪಲಿ ಹುಡುಕುತ್ತಾನೆ, ಬಾಗಿಲ ಚಿಲಕ ಎಳೆಯುತ್ತಾನೆ, ಎಲ್ಲಿಗೆ ಅಂದರೆ ಹೇಳಲಾರ ಎಂದಿದ್ದೆಯಲ್ಲ. ಹೊತ್ತು ಯಾವುದೆಂದು ನೋಡು. ಶಾಲೆ ಬಿಡುವ ಹೊತ್ತು. ಇವತ್ತು ಅವನನ್ನು ತಡೆಯಬೇಡ. ಚಪ್ಪಲಿ ಹಾಕಿಸು, ನೀನು ಮುಂಚೆಯೇ ಹೊರಗೆ ಹೋಗಿ ಗೇಟಿನ ಆಚೆ ನಿಂತಿರು. ಅವನು ಬಂದಾಗ, ಬಂದೆ ಅಪ್ಪ ಎನ್ನು.

ನಿನ್ನ ಮನೆಯ ದೀಪ ತಣ್ಣಗೆ ಉರಿಯಲಿ. ನಿನ್ನ ಮಗಳು ಯಾವ ಗೇಟಿನಲ್ಲೂ ಕಾಯುವಂತಾಗದಿರಲಿ.

ಇಂತಿ,
ರಬ್ಬರನ್ನು ಕೆಳಗಿಟ್ಟಿರುವ,
ನಿನ್ನ ಕತ್ತರಿ ಮಾಮ